ಹಬ್ಬದ ಮನೆಯ ಉಪಚಾರ: ಸಿಹಿ, ಪಾನಕ, ಹೂವು



ಹಬ್ಬದ ದಿನ ಮನೆಗೆ ಬಂದವರನ್ನು ಯಾವ ಸಿಹಿಯಿಂದ, ಯಾವ ಪಾನೀಯದಿಂದ, ಯಾವ ಹೂವಿನಿಂದ ಸತ್ಕರಿಸಬೇಕೆಂಬುದು ಈ ಸಂಜೆ ನಾವು ಎತ್ತಿಕೊಂಡಿರುವ ವಿಷಯ. ರಾಜ್ಯಗಳ ಏಳುಬೀಳುಗಳನ್ನೂ ವಿಜ್ಞಾನದ ಹೊಸ ಶೋಧಗಳನ್ನೂ ಕೇಳಿ ರೂಢಿಯಾದ ಕಿವಿಗಳಿಗೆ ಹೋಳಿಗೆಯ ಮಾತು ಹಗುರವಾಗಿ ಕೇಳಿಸಬಹುದು. ಆದರೆ ವರ್ಷದಲ್ಲಿ ಹತ್ತು ಹದಿನೈದು ಸಲ ನಮ್ಮ ನಿಮ್ಮ ಮನೆಗಳಲ್ಲಿ ಈ ಕೆಲಸ ನಡೆದೇ ನಡೆಯುತ್ತದೆ. ನಡೆದಾಗಲೆಲ್ಲ ಮನೆಯ ಕೆಲವರು ಜಗಲಿಯ ಮೇಲೆ ನಗುತ್ತ ಕುಳಿತಿರುತ್ತಾರೆ, ಕೆಲವರು ಹೊಗೆಯಲ್ಲಿ ಬೇಯುತ್ತಿರುತ್ತಾರೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಡಿಗೆ ಮಾಡಿದವರೂ ಬಂದವರ ಜೊತೆಯಲ್ಲಿ ಕುಳಿತು ತಿನ್ನುವುದಕ್ಕೆ ಎಡೆಮಾಡಿಕೊಡುವ ಸಿಹಿಯೇ ಹಬ್ಬದ ಉಪಚಾರಕ್ಕೆ ಯೋಗ್ಯವಾದ ಸಿಹಿ. ಪಾನಕಕ್ಕೂ ಹೂವಿಗೂ ಇದೇ ಅಳತೆಗೋಲು.

ನಾವು ಮಾತನಾಡುತ್ತಿರುವುದು ಲೋಕಾಪುರದ ಕಡೆಯ ಅನುಭವದಿಂದ. ಲೋಕಾಪುರವು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಊರು. ಉತ್ತರಕ್ಕೆ ಘಟಪ್ರಭೆ, ದಕ್ಷಿಣಕ್ಕೆ ಮಲಪ್ರಭೆ, ನಡುವೆ ಎರೆಮಣ್ಣಿನ ಹೊಲಗಳು, ಸುಣ್ಣದ ಕಲ್ಲಿನ ದಿಣ್ಣೆಗಳು. ಭೂಗರ್ಭಶಾಸ್ತ್ರಜ್ಞರು ಕಲಾದಗಿಯ ಶಿಲಾಸಮೂಹದಲ್ಲಿ ಒಂದು ಭಾಗಕ್ಕೆ ಲೋಕಾಪುರದ ಹೆಸರನ್ನೇ ಇಟ್ಟಿದ್ದಾರೆ. ಕಲ್ಲಿನ ಮಾತು ಅಡಿಗೆಗೆ ಏತಕ್ಕೆಂದರೆ, ಸುಣ್ಣದ ಕಲ್ಲಿನ ನೆಲದ ಬಾವಿಯ ನೀರು ಗಡಸು. ಗಡಸು ನೀರಿನಲ್ಲಿ ಕಡಲೆಬೇಳೆ ಬೇಯುವುದಕ್ಕೆ ಬಹಳ ಹೊತ್ತು ಬೇಕು. ಹೂರಣಕ್ಕೆ ಹೊಳೆಯ ನೀರೇ ಆಗಬೇಕೆಂದು ಹಿಂದಿನ ಹೆಂಗಸರು ಹಟಹಿಡಿಯುತ್ತಿದ್ದುದು ಬರಿಯ ಮಡಿಯ ಹಟವಲ್ಲ.

ಈ ಸೀಮೆಯ ಅಡಿಗೆಮನೆಗೆ ಎರಡು ಭಾಷೆಗಳ ರುಚಿ ಉಂಟು. ಮುಧೋಳದಲ್ಲಿ ಘೋರ್ಪಡೆಯವರು, ಜಮಖಂಡಿಯಲ್ಲಿ ಪಟವರ್ಧನರು ಆಳುತ್ತಿದ್ದರು. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಕನ್ನಡ ನಾಡಿನೊಡನೆ ಒಂದಾದವು. ಅರಸರು ಹೋದರೂ ಶ್ರೀಖಂಡ ಉಳಿಯಿತು. ಜೋಳದ ರೊಟ್ಟಿಯ ಪಕ್ಕದಲ್ಲಿ ಅದು ಕುಳಿತಿರುವುದನ್ನು ಕಂಡು ಮೈಸೂರಿನ ಕಡೆಯ ಸ್ನೇಹಿತರು ನಗುತ್ತಾರೆ. ತಿಂದ ಮೇಲೆ ನಗುವುದಿಲ್ಲ.

ಇನ್ನು ಬೆಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಯು ಸುತ್ತಲ ನಾಡಿನಲ್ಲೆಲ್ಲ ಹೆಸರಾದದ್ದು. ಕಾಲುವೆಯ ನೀರು ಬಂದ ಮೇಲೆ ಕಬ್ಬು ಹೆಚ್ಚಿತು. ಸಕ್ಕರೆಯ ಕಾರ್ಖಾನೆಗಳು ಬಂದ ಮೇಲೆ ಕಬ್ಬು ಗಾಣದ ದಾರಿಯನ್ನು ಬಿಟ್ಟು ಅತ್ತ ಹರಿಯಿತು. ಹಾಗಿದ್ದರೂ ಹಬ್ಬದ ಸಿಹಿಯೆಂದರೆ ನಮ್ಮಲ್ಲಿ ಬೆಲ್ಲದ ಸಿಹಿಯೇ. ಪೇಟೆಯಲ್ಲಿ ಹಳದಿಯಾಗಿ ಹೊಳೆಯುವ ಬೆಲ್ಲವನ್ನು ಕಂಡು ಮರುಳಾಗಬಾರದೆಂದು ಪಟ್ಟಣದ ಗೃಹಿಣಿಯರಿಗೆ ನಮ್ಮ ಸೂಚನೆ. ಕಪ್ಪುಗೆಂಪಿನ, ಬೆರಳಿನಿಂದ ಒತ್ತಿದರೆ ಸ್ವಲ್ಪ ಅಂಟುವ ಬೆಲ್ಲದಲ್ಲಿ ಪರಿಮಳ ಹೆಚ್ಚು. ಬಣ್ಣಕ್ಕಾಗಿ ಹಾಕುವ ರಾಸಾಯನಿಕವೂ ಕಡಿಮೆ.

ಮೈಸೂರು ಸೀಮೆಯಲ್ಲಿ ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ, ಹುರಿಗಡಲೆಗಳನ್ನು ಕಲಸಿ ಸಕ್ಕರೆ ಅಚ್ಚಿನೊಡನೆ ಬೀರುವುದು ಎಲ್ಲರೂ ಬಲ್ಲ ಪದ್ಧತಿ. ನಮ್ಮಲ್ಲಿ ಬೀರುವುದು ಕುಸುರೆಳ್ಳು. ನೋಡಿದವರಿಗೆ ಅದು ಬಿಳಿಯ ಮುಳ್ಳುಮುಳ್ಳಾದ ಮುತ್ತಿನಂತೆ ಕಾಣುತ್ತದೆ; ಬಾಯಿಗೆ ಹಾಕಿದರೆ ಸಕ್ಕರೆಯ ಕವಚ ಕರಗಿ ಒಳಗಿನ ಎಳ್ಳು ಹಲ್ಲಿಗೆ ಸಿಕ್ಕುತ್ತದೆ. ಮಾಡುವ ಕ್ರಮ ಹೀಗೆ. ಸಕ್ಕರೆಯ ಪಾಕಕ್ಕೆ ಒಂದಿಷ್ಟು ಹಾಲು ಹಾಕಿ ಕುದಿಸಿ, ಮೇಲೆ ಬಂದ ಕೊಳೆಯನ್ನು ತೆಗೆದು, ತೆಳುವಾಗಿ ಸೋಸಿಟ್ಟುಕೊಳ್ಳಬೇಕು. ಅಗಲವಾದ ಹಿತ್ತಾಳೆಯ ಪರಾತದಲ್ಲಿ ಎಳ್ಳನ್ನು ಹರವಿ ಮಂದವಾದ ಕೆಂಡದ ಮೇಲಿಡಬೇಕು. ಒಂದು ಚಮಚ ಪಾಕವನ್ನು ಚಿಮುಕಿಸಿ ಬೆರಳ ತುದಿಗಳಿಂದ ಮೆಲ್ಲನೆ ಆಡಿಸಬೇಕು. ಅದು ಒಣಗಿದ ಮೇಲೆ ಇನ್ನೊಂದು ಚಮಚ. ಪ್ರತಿಯೊಂದು ತೆಳ್ಳನೆಯ ಪದರವೂ ಪ್ರತ್ಯೇಕವಾಗಿ ಒಣಗಿ ಹರಳುಗಟ್ಟುವುದರಿಂದಲೇ ಆ ಮುಳ್ಳುಗಳು ಏಳುತ್ತವೆ. ಅವಸರಪಟ್ಟು ಎರಡು ಚಮಚ ಸುರಿದರೆ ಎಳ್ಳೆಲ್ಲ ಅಂಟಿಕೊಂಡು ಉಂಡೆಯಾಗುತ್ತದೆ. ಪುಷ್ಯಮಾಸದ ಒಣ ಚಳಿಯಲ್ಲಿ, ಅದೂ ಬೆಳಗಿನ ಹೊತ್ತಿನಲ್ಲಿ ಮಾತ್ರ ಇದು ಚೆನ್ನಾಗಿ ಬರುತ್ತದೆ. ದಿನಕ್ಕೆ ಒಂದೆರಡು ಗಂಟೆಯಂತೆ ಮೂರು ನಾಲ್ಕು ದಿನಗಳ ಕೆಲಸ. ಸಂಚಿಯಲ್ಲಿ ಕಟ್ಟಿ ಮಾರುವ ಕುಸುರೆಳ್ಳು ಈಗ ಎಲ್ಲ ಊರಿನಲ್ಲಿಯೂ ಸಿಕ್ಕುತ್ತದೆ, ಕೆಂಪು ಹಸಿರು ಬಣ್ಣಗಳಲ್ಲಿಯೂ ಸಿಕ್ಕುತ್ತದೆ. ಕೊಂಡುತಂದರೆ ತಪ್ಪೆಂದು ನಾವು ಹೇಳುವುದಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳದೆ ಮುಂದಕ್ಕೆ ಹೋಗಲಾರೆವು.

ನಮ್ಮ ಚಿಗವ್ವ, ಎಂದರೆ ನಮ್ಮ ತಾಯಿಯ ತಂಗಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿಯೇ ಇದ್ದರು. ಅವರು ಮಾಡಿದ ಕುಸುರೆಳ್ಳಿನಂಥ ಕುಸುರೆಳ್ಳನ್ನು ನಾವು ಬೇರೆ ಎಲ್ಲಿಯೂ ಕಂಡಿಲ್ಲ. ಸಂಕ್ರಾಂತಿ ಸಮೀಪಿಸಿತೆಂದರೆ ಅವರ ಬಲಗೈಯ ಬೆರಳತುದಿಗಳು ಕೆಂಡದ ಕಾವಿಗೆ ಬಾತು ಕೆಂಪಾಗಿರುತ್ತಿದ್ದವು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಂದು ದಿನವನ್ನು ಗೊತ್ತುಮಾಡಿ ನೆರೆಹೊರೆಯ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆಯುವುದು ನಮ್ಮ ಕಡೆಯ ರೂಢಿ. ಬಂದವರಿಗೆ ಕುಸುರೆಳ್ಳು, ಹೋಳಿಗೆ, ಕುಂಕುಮ, ಮುಡಿಗೆ ಒಂದು ದಂಡೆ ಹೂವು. ಕುಸುರೆಳ್ಳನ್ನು ಬಾಯಿಗೆ ಹಾಕಿಕೊಂಡವರು ತಪ್ಪದೆ ಕೇಳುತ್ತಿದ್ದರು, ಇದನ್ನು ಯಾರು ಮಾಡಿದರೆಂದು. "ಮನ್ಯಾಗ ಮಾಡಿದ್ದು" ಎಂದು ಉತ್ತರ ಬರುತ್ತಿತ್ತು. ಚಿಗವ್ವನವರು ಒಳಗೆ ಒಲೆಯ ಮುಂದೆ ಇರುತ್ತಿದ್ದರು. ಅವರು ಹೊರಗೆ ಬರಕೂಡದೆಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಹಂಚಿನ ಮೇಲೆ ಹೋಳಿಗೆ ಇತ್ತು. ಅದನ್ನು ಬಿಟ್ಟು ಏಳುವುದು ಹೇಗೆ? ಆ ಹೋಳಿಗೆಯೇ ಎಲ್ಲರಿಗೂ ಒಪ್ಪಿಗೆಯಾದ ಕಾರಣವಾಗಿತ್ತು.

ಒಂದು ವರ್ಷ ನಾವು ಧೈರ್ಯಮಾಡಿ ಒಂದು ದಂಡೆ ಮಲ್ಲಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆವು. ಅವರು ಕೈ ಮುಂದಕ್ಕೆ ಚಾಚಲಿಲ್ಲ. "ನನಗ್ಯಾಕವ್ವಾ ಹೂವು? ಹಂಚು ಕಾಯ್ದೈತಿ, ಸರಿ" ಎಂದರು. ಆ ಹೂವನ್ನು ಹಿಡಿದುಕೊಂಡು ಹೊರಗೆ ಹಿಂತಿರುಗಿದ ಹನ್ನೆರಡು ಹೆಜ್ಜೆಗಳು ನಮಗೆ ಇಂದಿಗೂ ನೆನಪಿವೆ.

ಆದಕಾರಣ ಸಿಹಿಯ ಆಯ್ಕೆಯನ್ನು ನಾವು ಹಗುರವಾದ ವಿಷಯವೆಂದು ಎಣಿಸುವುದಿಲ್ಲ. ಹೂರಣದ ಹೋಳಿಗೆ ಬಿಸಿಯಾಗಿಯೇ ಸೊಗಸು. ಬೇಯಿಸಿದ ಬೇಳೆಯ ನೀರಿನಂಶ ಅದರಲ್ಲಿ ಉಳಿದಿರುವುದರಿಂದ ಮರುದಿನಕ್ಕೆ ಮೆತ್ತಗಾಗುತ್ತದೆ. ಬೇಸಗೆಯಲ್ಲಂತೂ ಎರಡನೆಯ ದಿನ ಹಳಸುತ್ತದೆ. ಅದನ್ನು ಇಪ್ಪತ್ತು ಮಂದಿಗೆ ಬಡಿಸಬೇಕಾದರೆ ಒಬ್ಬರು ಒಲೆಯ ಮುಂದೆ ಸೆರೆಯಾಗಲೇಬೇಕು. ಅದು ಮನೆಯವರಷ್ಟೇ ಇರುವ ದಿನಕ್ಕೆ ಇರಲಿ. ಅತಿಥಿಗಳ ದಿನಕ್ಕೆ ಶೇಂಗಾದ ಹೋಳಿಗೆಯನ್ನು ನಾವು ಶಿಫಾರಸು ಮಾಡುತ್ತೇವೆ. ಶೇಂಗಾ ಎಂದರೆ ಮೈಸೂರಿನವರ ಕಡಲೆಕಾಯಿ. ಒಂದು ಕಿಲೋ ಬೀಜವನ್ನು ಮಂದ ಉರಿಯಲ್ಲಿ ಹುರಿದು, ಸಿಪ್ಪೆಯನ್ನು ತಿಕ್ಕಿ ಕೇರಿ, ಪುಡಿಮಾಡಿ, ಮುಕ್ಕಾಲು ಕಿಲೋ ಬೆಲ್ಲವನ್ನೂ ಹುರಿದ ಎಳ್ಳನ್ನು ಒಂದು ಹಿಡಿಯಷ್ಟೂ ಏಲಕ್ಕಿಯನ್ನೂ ಸೇರಿಸಿ ಕುಟ್ಟಿದರೆ ಬೀಜದ ಎಣ್ಣೆಯಿಂದಲೇ ಅದು ಕೂಡಿಬರುತ್ತದೆ. ಕೂಡದಿದ್ದರೆ ನಾಲ್ಕು ಹನಿ ನೀರು ಸಾಕು. ಕಣಕವನ್ನು ಗೋಧಿಹಿಟ್ಟಿಗೆ ಕಾಲುಭಾಗ ಸಣ್ಣ ರವೆ ಬೆರೆಸಿ ಗಟ್ಟಿಯಾಗಿ ನಾದಬೇಕು. ತೆಳ್ಳಗೆ ಲಟ್ಟಿಸಿ, ಮಂದ ಉರಿಯಲ್ಲಿ ಎರಡು ಮಗ್ಗುಲೂ ಗರಿಗರಿಯಾಗುವಂತೆ ಸುಡಬೇಕು. ಒಳಗೆ ನೀರಿನ ಪಸೆ ಇಲ್ಲದುದರಿಂದ ಇದು ಹತ್ತು ಹನ್ನೆರಡು ದಿನ ಕೆಡದೆ ಇರುತ್ತದೆ. ಆರಿದ ಮೇಲೆಯೇ ಇದಕ್ಕೆ ರುಚಿ ಹೆಚ್ಚೆಂಬುದು ನಮ್ಮ ಮತ. ಪ್ರತಿಯೊಂದರ ಮೇಲೂ ತುಪ್ಪ ಸುರಿಯುವ ಉದಾರಿಗಳು ನಮ್ಮೊಡನೆ ಒಪ್ಪಲಾರರು.

ಇದು ಪುರಾತನವಾದ ಭಕ್ಷ್ಯವೆಂದು ಯಾರಾದರೂ ಹೆಮ್ಮೆಪಟ್ಟರೆ ಒಂದು ಮಾತು ನೆನಪಿಡತಕ್ಕದ್ದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸವನ್ನು ರಚಿಸಿದಾಗ ಈ ನಾಡಿನಲ್ಲಿ ಶೇಂಗಾ ಇರಲಿಲ್ಲ. ಮಂಗರಸನು 1508ರ ಸುಮಾರಿಗೆ ಸೂಪಶಾಸ್ತ್ರವನ್ನು ಬರೆದಾಗಲೂ ಇರಲಿಲ್ಲ. ಅದು ದಕ್ಷಿಣ ಅಮೆರಿಕೆಯ ಕಾಳು, ಹಡಗುಗಳಲ್ಲಿ ಬಂದದ್ದು. ಬಂದವಳು ಮನೆಯ ಒಡತಿಯಾದ ಹಾಗೆ ಈಗ ನಮ್ಮ ಚಟ್ನಿಗೂ ಹೋಳಿಗೆಗೂ ಅದೇ ಯಜಮಾನಿ.

ಉಳಿದ ಸಿಹಿಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ನಾಗರಪಂಚಮಿಗೆ ಉಂಡೆಗಳು: ತಂಬಿಟ್ಟು, ಶೇಂಗಾ, ಎಳ್ಳು, ಕಡಲೆಹಿಟ್ಟು, ರವೆ, ಹೀಗೆ ಐದಾರು ಬಗೆ, ಇವೂ ವಾರದ ಮೊದಲೇ ಮಾಡಿಡತಕ್ಕವು. ಜೊತೆಗೆ ಜೋಳದ ಅರಳು. ಗೋಧಿಯ ಹುಗ್ಗಿ ದೊಡ್ಡ ಪಾತ್ರೆಯಲ್ಲಿ ಒಮ್ಮೆ ಆದರೆ ಆಯಿತು, ಬಡಿಸುವುದಷ್ಟೇ ಕೆಲಸ. ಮಾದಲಿಯು ಅದಕ್ಕಿಂತಲೂ ಸುಲಭ: ಗೋಧಿಯ ದಪ್ಪ ರೊಟ್ಟಿಯನ್ನು ಸುಟ್ಟು, ಒಣಗಿಸಿ, ಕುಟ್ಟಿ, ಬೆಲ್ಲದ ಪುಡಿ, ಪುಠಾಣಿ, ಗಸಗಸೆ, ಕೊಬ್ಬರಿ ಬೆರೆಸಿಟ್ಟರೆ ಬಂದವರು ಬಂದ ಹಾಗೆ ಬಿಸಿ ಹಾಲು ತುಪ್ಪ ಹಾಕಿ ಕೊಡಬಹುದು. ಪುಠಾಣಿಯೆಂದರೆ ಹುರಿಗಡಲೆ. ಕರದಂಟಿಗೆ ಗೋಕಾಕವೂ ಅಮೀನಗಡವೂ ಹೆಸರಾದ ಊರುಗಳು. ಮನೆಯಲ್ಲಿ ಮಾಡಿ ಅವರನ್ನು ಮೀರಿಸುವ ಆಸೆಯನ್ನು ನಾವು ಬಿಟ್ಟಿದ್ದೇವೆ. ಸಂಕ್ರಾಂತಿಯ ಆಚೀಚೆ ಹಾಲುಗಾಳಿನ ಜೋಳದ ತೆನೆಯನ್ನು ಸುಟ್ಟು ಉದುರಿಸಿದ ಸೀತನಿಯ ಮುಂದೆ ಇವೆಲ್ಲವೂ ಸಪ್ಪೆ. ಆದರೆ ಅದು ಹೊಲದಲ್ಲಿ ಕುಳಿತು ತಿನ್ನತಕ್ಕದ್ದು, ಪಟ್ಟಣದ ಮನೆಗೆ ಬರುವಷ್ಟರಲ್ಲಿ ಅದರ ಜೀವ ಹೋಗಿರುತ್ತದೆ.

ಈಗ ಪಾನೀಯಗಳ ಮಾತು. ಮಾನಸೋಲ್ಲಾಸದಲ್ಲಿ ಅನ್ನಭೋಗಕ್ಕೆ ಒಂದು ಅಧ್ಯಾಯವಿರುವಂತೆ ಪಾನೀಯಭೋಗಕ್ಕೂ ಪ್ರತ್ಯೇಕವಾದ ಅಧ್ಯಾಯವುಂಟು. ಕುಡಿಯುವುದೂ ಊಟದಷ್ಟೇ ಎಚ್ಚರದ ಕೆಲಸವೆಂದು ಆ ದೊರೆ ಬಲ್ಲವನಾಗಿದ್ದನು. ಪಟ್ಟಣದ ಮನೆಗಳಲ್ಲಿ ಈಗ ಕಾಕ್ಟೇಲ್ ಎಂಬ ಮಾತು ಕೇಳಬರುತ್ತಿದೆ. ಮದ್ಯದ ಗುಣದೋಷಗಳನ್ನು ವಿಚಾರಿಸುವುದು ಈ ಭಾಷಣದ ಕೆಲಸವಲ್ಲ. ಆದರೆ ಆ ಶಬ್ದದ ಇತಿಹಾಸದಲ್ಲಿ ನಮಗೆ ಬೇಕಾದ ಒಂದು ಸ್ವಾರಸ್ಯವಿದೆ. 1806ರಲ್ಲಿ ಅಮೆರಿಕೆಯ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಓದುಗನ ಪ್ರಶ್ನೆಗೆ ಉತ್ತರವಾಗಿ ಕಾಕ್ಟೇಲಿನ ಲಕ್ಷಣವನ್ನು ಹೇಳಿತು: ಮದ್ಯ, ಸಕ್ಕರೆ, ನೀರು ಮತ್ತು ಕಹಿಯಾದ ಒಂದು ಸಾರ. ಈ ನಾಲ್ಕರಲ್ಲಿ ಮದ್ಯವನ್ನು ಕಳೆದರೆ ಉಳಿಯುವುದೇನು? ಸಿಹಿ, ನೀರು, ಕಹಿ. ಶ್ರೋತೃಗಳೇ, ಅದು ನಮ್ಮ ಯುಗಾದಿಯ ಬೇವು.

ಮೈಸೂರಿನ ಕಡೆ ಬೇವುಬೆಲ್ಲವನ್ನು ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ನುಂಗುವುದುಂಟು. ನಮ್ಮ ಸೀಮೆಯಲ್ಲಿ ಬೇವನ್ನು ಕುಡಿಯುತ್ತೇವೆ. ಬಟ್ಟಲುಗಟ್ಟಲೆ ಕುಡಿಯುತ್ತೇವೆ, ಇನ್ನಷ್ಟು ಕೇಳಿ ಕುಡಿಯುತ್ತೇವೆ. ಇಪ್ಪತ್ತು ಮಂದಿಗೆ ನಾವು ಮಾಡುವ ಅಳತೆ ಇದು. ಮೂರು ಲೀಟರು ತಣ್ಣೀರಿಗೆ ಸುಮಾರು ಅರ್ಧ ಕಿಲೋ ಬೆಲ್ಲವನ್ನು ಕರಗಿಸಿ ಸೋಸಬೇಕು. ಬೆಲ್ಲವನ್ನು ಎಷ್ಟು ಆರಿಸಿದರೂ ಅದರಲ್ಲಿ ಕಬ್ಬಿನ ಕಸ ಇದ್ದೇ ಇರುತ್ತದೆ. ನಿಂಬೆಯ ಗಾತ್ರದ ಎರಡು ಹುಣಸೆಯ ಉಂಡೆಗಳನ್ನು ನೆನೆಸಿ ಹಿಂಡಿದ ರಸ. ನೂರೈವತ್ತು ಗ್ರಾಂ ಪುಠಾಣಿಯ ನುಣ್ಣನೆಯ ಹಿಟ್ಟು. ಇದು ಪಾನಕಕ್ಕೆ ಮೈ ಕೊಡುತ್ತದೆ. ಸಣ್ಣಗೆ ಹೆಚ್ಚಿದ ಉತ್ತತ್ತಿ, ಒಣದ್ರಾಕ್ಷಿ, ತುರಿದ ಅರ್ಧ ಬಟ್ಟಲು ಕೊಬ್ಬರಿ, ಎಂಟು ಹತ್ತು ಏಲಕ್ಕಿ, ಎರಡು ಚಮಚ ಗುಲಕಂದ. ಹಸಿ ಮಾವಿನಕಾಯಿ ಸಿಕ್ಕಿದರೆ ಅದರ ತುರಿ ಒಂದು ಹಿಡಿ. ಕಟ್ಟಕಡೆಗೆ ಬೇವಿನ ಹೂವು, ಎರಡು ಹಿಡಿ. ಹೂವನ್ನು ಬೆಳಿಗ್ಗೆ ಬಿಸಿಲೇರುವ ಮೊದಲೇ ಉದುರಿಸಿ ತಂದು, ಕಡ್ಡಿಯನ್ನು ತೆಗೆದು, ಬಡಿಸುವುದಕ್ಕೆ ಅರ್ಧ ಗಂಟೆಯ ಮುಂಚೆ ಮಾತ್ರ ಹಾಕತಕ್ಕದ್ದು. ಮೊದಲೇ ಹಾಕಿದರೆ ಕಹಿ ನೀರಿಗೆಲ್ಲ ಇಳಿದು ಮಿಕ್ಕ ರುಚಿಗಳನ್ನು ನುಂಗಿಬಿಡುತ್ತದೆ. ಹದವಾಗಿ ಆದ ಬೇವಿನಲ್ಲಿ ಮೊದಲು ಸಿಹಿ, ಅನಂತರ ಹುಳಿ, ಕುಡಿದು ಬಟ್ಟಲನ್ನು ಕೆಳಗಿಟ್ಟ ಮೇಲೆ ಕಹಿ ಬರಬೇಕು.

ಚೈತ್ರಮಾಸದಲ್ಲಿ ಗೌರಿಯನ್ನು ಕೂರಿಸಿದ ಮನೆಗಳಲ್ಲಿ ಮಾವಿನಕಾಯಿಯ ಪಾನಕ, ಕೋಸಂಬರಿ. ಕಾಯಿಯನ್ನು ಇಡಿಯಾಗಿ ಬೇಯಿಸಿ, ತಿರುಳನ್ನು ಹಿಂಡಿ, ತಿರುಳಿನಷ್ಟೇ ಬೆಲ್ಲ ಸೇರಿಸಿ ಗಟ್ಟಿಯಾಗಿ ಮಾಡಿಟ್ಟರೆ ಮೂರು ನಾಲ್ಕು ದಿನ ತಂಗಳುಪೆಟ್ಟಿಗೆಯಲ್ಲಿ ಇರುತ್ತದೆ. ಬಂದವರಿಗೆ ನೀರು ಬೆರೆಸಿ ಕೊಡುವುದು ಮಕ್ಕಳ ಕೈಯಲ್ಲಿಯೂ ಆಗುವ ಕೆಲಸ. ದೀಪಾವಳಿಯಿಂದ ಮುಂದಕ್ಕೆ ಕಲಾದಗಿಯ ದಾಳಿಂಬೆ ಇದೆ. ಲೋಕಾಪುರದಿಂದ ಬಾಗಲಕೋಟೆಯ ಹಾದಿಯಲ್ಲಿ ಸಿಕ್ಕುವ ಕಲಾದಗಿಯು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಕಚೇರಿಗಳು ವಿಜಾಪುರಕ್ಕೆ ಹೋದವು, ದಾಳಿಂಬೆಯ ಮತ್ತು ಚಿಕ್ಕುವಿನ ತೋಟಗಳು ಉಳಿದುವು. ಊರಿಗೆ ನಷ್ಟವಾಯಿತೆಂದು ಹೇಳುವವರು ಅಲ್ಲಿಯ ಹಣ್ಣನ್ನು ತಿಂದಿಲ್ಲವೆಂದು ತೋರುತ್ತದೆ. ದಾಳಿಂಬೆಯ ಕಾಳನ್ನು ಯಂತ್ರದಲ್ಲಿ ಅರೆಯಬಾರದು. ಬೀಜ ಒಡೆದು ಒಗರಾಗುತ್ತದೆ. ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಹಿಂಡಿ, ನಿಂಬೆಯ ರಸ, ಹುರಿದ ಜೀರಿಗೆಯ ಪುಡಿ, ಸೈಂಧವ ಲವಣ ಹಾಕಿ ಕೊಟ್ಟರೆ ಅದಕ್ಕೆ ಸಕ್ಕರೆ ಬೇಡ. ಕಬ್ಬಿನ ಹಾಲಿಗೆ ಮಾತ್ರ ಕಾಯುವ ತಾಳ್ಮೆ ಇಲ್ಲ. ಶುಂಠಿ, ನಿಂಬೆ ಸೇರಿಸಿ ತೆಗೆದ ಗಳಿಗೆಯಲ್ಲಿಯೇ ಕುಡಿಯಬೇಕು. ತಡವಾದರೆ ಕಪ್ಪಾಗುತ್ತದೆ, ಹುಳಿಯುತ್ತದೆ.

ತಂಪುಮಾಡಲು ಮಂಜುಗಡ್ಡೆಯೇ ಬೇಕೆಂದಿಲ್ಲ. ಮಣ್ಣಿನ ತತ್ರಾಣಿಯ ಮೈಯಿಂದ ನೀರು ಸೂಕ್ಷ್ಮವಾಗಿ ಒಸರಿ ಆವಿಯಾಗುವಾಗ ಒಳಗಿನ ಕಾವನ್ನು ಸೆಳೆದುಕೊಂಡು ಹೋಗುತ್ತದೆ. ಗಾಳಿ ಆಡುವ ಕಿಟಕಿಯಲ್ಲಿ, ಒದ್ದೆಯ ಬಟ್ಟೆ ಸುತ್ತಿ ಇಟ್ಟರೆ ಹಿಂದಿನ ರಾತ್ರಿ ತುಂಬಿದ ನೀರು ಬೆಳಿಗ್ಗೆ ಹಲ್ಲಿಗೆ ತಾಗುತ್ತದೆ. ತತ್ರಾಣಿಯಲ್ಲಿ ನೀರನ್ನು ತಂಪುಮಾಡಿಕೊಂಡು ಪಾನಕವನ್ನು ಬೇರೆ ಪಾತ್ರೆಯಲ್ಲಿ ಬೆರೆಸುವುದು ಲೇಸು. ಹುಳಿಯ ಪಾನಕ ಹೀರಿದ ಮಣ್ಣು ಮುಂದೆ ನೀರಿಗೆ ಬಾರದು. ಹುಳಿಯ ವಸ್ತುಗಳನ್ನು ಕಲಾಯಿಯಿಲ್ಲದ ಹಿತ್ತಾಳೆ ತಾಮ್ರಗಳಲ್ಲಿ ಬೆರೆಸಕೂಡದೆಂಬುದನ್ನು ಎಲ್ಲರೂ ಬಲ್ಲರು. ಆದರೂ ಹೇಳಿದ್ದೇವೆ, ಏಕೆಂದರೆ ನಾವೇ ಒಂದು ಸಲ ಮರೆತು ಮೂರು ಲೀಟರು ಪಾನಕವನ್ನು ಚೆಲ್ಲಬೇಕಾಯಿತು.

ಹೂವಿನ ಮಾತಿಗೆ ಬರೋಣ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿಯ ಬೀದಿಗಳಲ್ಲಿ ಎಲ್ಲೆಲ್ಲಿಯೂ ಗುಲಾಬಿಯ ಮಾರಾಟವನ್ನು ಕಂಡು, ಈ ಜನರಿಗೆ ಅನ್ನದಷ್ಟೇ ಹೂವೂ ಅವಶ್ಯವೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಅವಶ್ಯವಾದ ಆ ಹೂವನ್ನು ನಾವು ಇಡುವ ಸ್ಥಳಗಳು ಎರಡು ಮೂರು ಮಾತ್ರ: ದೇವರ ತಲೆ, ಮುತ್ತೈದೆಯ ಮುಡಿ, ಬಾಗಿಲ ತೋರಣ. ಮುಡಿಯ ಹೂವು ಚೆಲುವಾದದ್ದು, ನಾವೂ ಮುಡಿದವರೇ. ಆದರೆ ಅದನ್ನು ಹಂಚುತ್ತ ಹೋದಾಗ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬ ಲೆಕ್ಕ ಅದರ ಹಿಂದೆಯೇ ಬರುತ್ತದೆ. ತಂಬಿಗೆಯಲ್ಲಿ ನಿಲ್ಲಿಸಿ ಕೋಣೆಯ ನಡುವೆ ಇಟ್ಟ ಹೂವಿಗೆ ಆ ಲೆಕ್ಕವಿಲ್ಲ. ಕೋಣೆಯಲ್ಲಿ ಕುಳಿತವರೆಲ್ಲರಿಗೂ ಅದು ಸೇರಿದ್ದು. ಪಾಶ್ಚಾತ್ಯರ ಅನುಕರಣವೆಂದು ಇದನ್ನು ಹಳಿಯುವವರಿದ್ದಾರೆ. ಕಲಶದಲ್ಲಿ ಎಲೆ ನಿಲ್ಲಿಸುವುದನ್ನು ನಮಗೆ ಯಾವ ಪಾಶ್ಚಾತ್ಯನೂ ಕಲಿಸಲಿಲ್ಲ.

ಬೇಕಾಗುವ ಸಾಮಗ್ರಿ ಸ್ವಲ್ಪ. ಬಾಯಿ ಕಿರಿದಾದ ಹಿತ್ತಾಳೆಯ ತಂಬಿಗೆ ಅಥವಾ ಚರಗಿ ಒಂದು. ಅದರ ಬಾಯಿಯೊಳಗೆ ಅಡ್ಡಡ್ಡಲಾಗಿ ಜೋಳದ ದಂಟಿನ ಎರಡು ತುಂಡುಗಳನ್ನು ಕತ್ತರಿಯಾಕಾರವಾಗಿ ಸಿಕ್ಕಿಸಿದರೆ ಕಾಂಡಗಳು ವಾಲದೆ ನಿಲ್ಲುತ್ತವೆ. ಜಪಾನಿನ ಪುಷ್ಪವಿನ್ಯಾಸದವರೂ ಕಡ್ಡಿಗಳಿಂದ ಇದನ್ನೇ ಮಾಡುತ್ತಾರೆ. ಅತಿ ಎತ್ತರದ ಕಾಂಡವು ತಂಬಿಗೆಯ ಒಂದೂವರೆ ಪಟ್ಟು ಇರಲಿ, ಉಳಿದವು ಹೆಚ್ಚು ಕಡಿಮೆಯಾಗಿರಲಿ. ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದರೆ ಪೊರಕೆಯಂತೆ ಕಾಣುತ್ತದೆ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕೀಳಬೇಕು. ಚೆಂಡುಹೂವಿನಲ್ಲಿ ಇದನ್ನು ಮರೆತರೆ ಎರಡನೆಯ ದಿನ ಕೋಣೆ ನಾರುತ್ತದೆ. ಕಾಂಡವನ್ನು ಓರೆಯಾಗಿ ಕೊಯ್ದು, ದಿನವೂ ನೀರು ಬದಲಾಯಿಸಿ, ಬೀಸಣಿಗೆಯ ಗಾಳಿಗೆ ದೂರವಾಗಿಟ್ಟರೆ ಸೇವಂತಿಗೆಯೂ ಚೆಂಡುಹೂವೂ ಐದಾರು ದಿನ ಬಾಳುತ್ತವೆ. ಮಲ್ಲಿಗೆಗೆ ಕಾಂಡವಿಲ್ಲ, ಅದನ್ನು ನೀರು ತುಂಬಿದ ಅಗಲವಾದ ಗಂಗಾಳದಲ್ಲಿ ತೇಲಿಬಿಡುವುದು. ಉಣ್ಣುವ ಸ್ಥಳದಲ್ಲಿ ಮಾತ್ರ ಗಾಢವಾದ ಪರಿಮಳದ ಹೂವು ಬೇಡ, ಹೋಳಿಗೆಯ ಏಲಕ್ಕಿಯೊಡನೆ ಅದು ಜಗಳವಾಡುತ್ತದೆ.

ಹೂವು ಸಿಕ್ಕದ ಋತುವಿನಲ್ಲಿ ಹೊಲವನ್ನು ನೋಡಬೇಕು. ಸಂಕ್ರಾಂತಿಗೆ ಬಿಳಿಜೋಳದ ನಾಲ್ಕು ತೆನೆಗಳು, ಅವುಗಳ ನಡುವೆ ಎರಡು ಚೆಂಡುಹೂವು. ಇದಕ್ಕಿಂತ ಗಂಭೀರವಾದ ಅಲಂಕಾರವನ್ನು ನಾವು ಅರಿಯೆವು. ದಸರೆಗೆ ಬನ್ನಿಯ ಕೊಂಬೆ. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ತಲೆಗೆ ಹೂವು, ಉತ್ತರಾಣಿಯ ಕಡ್ಡಿ ಸಿಕ್ಕಿಸುವ ನಮ್ಮ ಮಕ್ಕಳು ವಿನ್ಯಾಸದಲ್ಲಿ ಯಾರಿಗೂ ಕಡಿಮೆಯಲ್ಲ. ಯುಗಾದಿಗೆ ಬೇವಿನ ಗೊಂಚಲು, ಅನಂತರ ಹುಣ್ಣಿಮೆಗೆ ದವನ. ತಂಬಿಗೆಯ ಕೆಳಗೆ ಗುಳೇದಗುಡ್ಡದ ಒಂದು ಖಣವನ್ನು ಹಾಸಿದರೆ ಬೇರೆ ಮೇಜುಹಾಸು ಬೇಡ. ಪ್ಲಾಸ್ಟಿಕ್ಕಿನ ಹೂವುಗಳ ವಿಷಯದಲ್ಲಿ ನಾವು ಏನನ್ನೂ ಹೇಳುವುದಿಲ್ಲ. ಧೂಳೇ ಅವುಗಳ ವಿಷಯದಲ್ಲಿ ಸಾಕಷ್ಟು ಹೇಳುತ್ತದೆ. ಚೆಂಡುಹೂವು ಕೂಡ ಶೇಂಗಾದ ಹಾಗೆ ಅಮೆರಿಕೆಯಿಂದ ಬಂದದ್ದು, ಅದರ ತವರು ಮೆಕ್ಸಿಕೊ.

ಮಲ್ಲಿಗೆಯ ದಂಡೆಯೊಡನೆ ನಾವು ಹಿಂತಿರುಗಿದ ಮರುವರ್ಷದ ಸಂಕ್ರಾಂತಿಯ ಮಾತನ್ನು ಹೇಳಿ ನಿಮ್ಮಿಂದ ಬೀಳ್ಕೊಳ್ಳುತ್ತೇವೆ. ಆ ಸಲ ನಮ್ಮ ತಾಯಿಯೊಡನೆ ಮಾತನಾಡಿ ಶೇಂಗಾದ ಹೋಳಿಗೆಯನ್ನು ಎರಡು ದಿನ ಮೊದಲೇ ಮಾಡಿ ಡಬ್ಬಿಗೆ ತುಂಬಿದೆವು. ಒಲೆ ಆರಿತ್ತು. ಮುಡಿಗೆ ಹೂವು ಕೊಡುವುದನ್ನು ಬಿಟ್ಟು, ಹಿತ್ತಲಿನ ಚೆಂಡುಹೂವನ್ನೂ ಜೋಳದ ತೆನೆಯನ್ನೂ ದೊಡ್ಡ ಚರಗಿಯಲ್ಲಿ ನಿಲ್ಲಿಸಿ ಪಡಸಾಲೆಯ ನಡುವೆ ಇಟ್ಟೆವು. ಚಿಗವ್ವನವರಿಗೆ ಒಳಗೆ ಮಾಡುವ ಕೆಲಸವೇ ಉಳಿದಿರಲಿಲ್ಲ. ಸ್ವಲ್ಪ ಹೊತ್ತು ಪಾತ್ರೆಗಳನ್ನು ಅತ್ತಿತ್ತ ಸರಿಸಿದರು, ತೊಳೆದ ಬಟ್ಟಲನ್ನೇ ಮತ್ತೆ ತೊಳೆದರು; ಕಡೆಗೆ ಬಂದು ಬಾಗಿಲ ಕಂಬದ ಹತ್ತಿರ ಕುಳಿತರು. ಬಂದವರಲ್ಲಿ ಹಿರಿಯರೊಬ್ಬರು ಅದನ್ನು ನೋಡಿ, ಹೋಳಿಗೆಯನ್ನು ಮುಟ್ಟದೆ, ಮನೆಯಲ್ಲಿ ಕೆಲಸವಿದೆಯೆಂದು ಎದ್ದುಹೋದರು. ನಮ್ಮ ತಾಯಿಯ ಮುಖ ಕೆಂಪಾಯಿತು. ಆದರೆ ಅವರು ಮಾತನಾಡಲಿಲ್ಲ. ಉಳಿದ ಹನ್ನೊಂದು ಮಂದಿ ಕುಳಿತೇ ಇದ್ದರು. ಅವರಲ್ಲೊಬ್ಬ ಹೊಸ ಸೊಸೆ ಕುಸುರೆಳ್ಳನ್ನು ಬಾಯಿಗೆ ಹಾಕಿಕೊಂಡು ಇದನ್ನು ಯಾರು ಮಾಡಿದರೆಂದು ಕೇಳಿದಳು.

"ನಾನ ಮಾಡೀನಿ" ಎಂದರು ಚಿಗವ್ವ. ಅನಂತರ ಪಾಕವನ್ನು ಎಷ್ಟು ತೆಳ್ಳಗೆ ಮಾಡಬೇಕು, ಕೆಂಡಕ್ಕೆ ಎಷ್ಟು ಬೂದಿ ಮುಚ್ಚಬೇಕು ಎಂಬುದನ್ನು ಆ ಹುಡುಗಿಗೆ ಅರ್ಧ ಗಂಟೆ ಹೇಳಿದರು. ಅವಳ ಬೆರಳುಗಳನ್ನು ಹಿಡಿದು ಆಡಿಸಿ ತೋರಿಸಿದರು. ಹೋಳಿಗೆ ಎರಡನ್ನು ತಿಂದರು. ಎಲ್ಲರೂ ಹೋದ ಮೇಲೆ ಚರಗಿಯ ಹೂವನ್ನು ಎಸೆಯಗೊಡದೆ, ನೀರನ್ನು ಚೆಲ್ಲಿ, ಚೆಂಡುಹೂವುಗಳನ್ನು ಮೊರದಲ್ಲಿ ಹರವಿ 15 ದಿನ ನೆರಳಿನಲ್ಲಿ ಒಣಗಿಸಿದರು. ಬೀಜವನ್ನು ಉದುರಿಸಿ ಹಳೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ ಕಪಾಟಿನಲ್ಲಿಟ್ಟರು; ಮೃಗಶಿರ ಮಳೆ ಬಿದ್ದ ಮರುದಿನ ಹಿತ್ತಲಿನ ತುಂಬ ಬಿತ್ತಿದರು.